50 ಪರ್ಸೆಂಟ್ ಸರ್ಟಿಫಿಕೇಟ್, 42 ಗುಂಟೆ ಜಮೀನು

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವವರ ಗುರುತು ಸಿಗಬಾರದು ಅಂತ ಊರು, ಹೆಸರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಕಾಗದಪತ್ರ, ಕಾಯ್ದೆಯ ವಿಚಾರ ಬದಲಿಸಿಲ್ಲ, ಬರೆಯುತ್ತಿರುವುದೇ ಅದಕ್ಕೋಸ್ಕರ. ಬೌದ್ಧಿಕ ವೈಕಲ್ಯ ಇರುವವರ ಪಿಂಚಣಿ, ಆಸ್ತಿಯ ಕೇಸು ತರುವವರು ನಮ್ಮ ಕಚೇರಿಯ ಬಾಗಿಲಲ್ಲೇ ನಿಂತು ಕೇಳುವ ಮೊದಲ ಪ್ರಶ್ನೆ, "ಗಾರ್ಡಿಯನ್ ಮಾಡಿಸೋದು ಹೇಗೆ ಮೇಡಂ?" ಅಂತ. ಗಾರ್ಡಿಯನ್ ಅಂದರೆ ಕಾನೂನು ಪ್ರಕಾರ ನೇಮಕವಾಗುವ ಪಾಲಕರು. ಆ ಪ್ರಶ್ನೆಯನ್ನು ಎಷ್ಟು ಹಿಂದಕ್ಕೆ ಹಾಕಿದರೆ ಅಷ್ಟು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅಂತ ಈ ಪ್ರಕರಣ ಓದಿದರೆ ಗೊತ್ತಾಗುತ್ತದೆ.

ತೆಂಗಿನ ಸೀಮೆಯ ಒಂದು ಹಳ್ಳಿ. ಅವರನ್ನು ಚಿಕ್ಕಣ್ಣ ಅಂತ ಕರೆಯೋಣ. ವಯಸ್ಸು ನಲವತ್ತರ ಹತ್ತಿರ, ಹುಟ್ಟಿನಿಂದಲೇ ಬೌದ್ಧಿಕ ವೈಕಲ್ಯ. ದನ ಮೇಯಿಸುತ್ತಾರೆ, ಕಾಯಿ ಸುಲಿಯುತ್ತಾರೆ, ಒಬ್ಬರೇ ಬಸ್ಸು ಹತ್ತಿ ಸಂತೆಗೆ ಹೋಗಿ ಬರುತ್ತಾರೆ. ನಾಲ್ಕನೇ ಕ್ಲಾಸಿನವರೆಗೆ ಶಾಲೆಗೆ ಹೋಗಿದ್ದರು. ಓದಲು ಬರುವುದಿಲ್ಲ, ಆದರೆ ತಮ್ಮ ಹೆಸರು ಬರೆಯಲು ಬರುತ್ತದೆ. ದಪ್ಪ ದಪ್ಪ ಅಕ್ಷರ, ಒಂದು ಹೆಸರಿಗೆ ಎರಡು ಗೆರೆ ಬೇಕು. ಈ ಸಹಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಮ್ಮ ಹೋಗಿ ಬಹಳ ವರ್ಷವಾಗಿತ್ತು. ಅಪ್ಪ ತೀರಿಕೊಂಡ ಮೇಲೆ ಉಳಿದವರು ಮೂವರು: ಅಣ್ಣ, ಮದುವೆಯಾಗಿ ಪಕ್ಕದ ತಾಲ್ಲೂಕಿನಲ್ಲಿರುವ ಅಕ್ಕ, ಮತ್ತೆ ಚಿಕ್ಕಣ್ಣ. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ 3 ಎಕರೆ 6 ಗುಂಟೆ ಜಮೀನು, ಅದರಲ್ಲಿ ಅರ್ಧಕ್ಕರ್ಧ ತೆಂಗು. ಲೆಕ್ಕ ಸುಲಭ. 126 ಗುಂಟೆ, ಮೂರು ಪಾಲು, ತಲಾ 42 ಗುಂಟೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಮಗ, ಮಗಳು ಎಲ್ಲರಿಗೂ ಸಮ. "ಅವನಿಗೆ ಬುದ್ಧಿ ಸರಿಯಿಲ್ಲ, ಅವನಿಗೇನು ಪಾಲು" ಅಂತ ಊರ ಕಟ್ಟೆ ಮೇಲೆ ಇವತ್ತಿಗೂ ಮಾತಾಡುತ್ತಾರೆ. ಆ ಮಾತಿಗೆ 1956ರಲ್ಲೇ ಉತ್ತರ ಬರೆದಾಗಿದೆ. ಅದೇ ಕಾಯ್ದೆಯ 28ನೇ ಸೆಕ್ಷನ್ ನೋಡಿ: ಯಾವುದೇ ಕಾಯಿಲೆ, ಊನ, ವೈಕಲ್ಯದ ಕಾರಣಕ್ಕೆ ಯಾರ ವಾರಸು ಹಕ್ಕೂ ತಪ್ಪುವುದಿಲ್ಲ.

ನಮ್ಮ ಹತ್ತಿರ ಬಂದಿದ್ದು ಅಕ್ಕ. ಬಂದಿದ್ದು ಜಮೀನಿಗಲ್ಲ, ತಮ್ಮನ ಅಂಗವಿಕಲ ಪಿಂಚಣಿಗೆ. "ತಮ್ಮನ ದುಡ್ಡು ಬರ್ತಿಲ್ಲ, ಕೇಳಿದ್ರೆ ಅತ್ತಿಗೆ ಪಾಸ್‌ಬುಕ್ಕೇ ತೋರಿಸಲ್ಲ" ಅಂದರು. ಮಾತು ಮುಗಿಸಿ ಹೊರಡುವಾಗ, ಸುಮ್ನೆ ಹೇಳಿದ ಹಾಗೆ, "ಅಪ್ಪನ ತಿಥಿ ಆದ್ಮೇಲೆ ಅಣ್ಣ ನಮ್ಮಿಬ್ಬರನ್ನೂ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಿದ್ದ" ಅಂದರು. ನಾವು ಅವರನ್ನು ಮತ್ತೆ ಕೂರಿಸಿದೆವು.

ಪಹಣಿ ತೆಗೆಸಿದಾಗ ಮಾಲೀಕರ ಹೆಸರು ಬರುವ 9ನೇ ಕಾಲಂನಲ್ಲಿ ಅಣ್ಣನ ಹೆಸರು ಒಂದೇ ಇತ್ತು. ಹಿಂದಿನ ವರ್ಷದ ಪಹಣಿಯಲ್ಲಿ ಪೌತಿ ಖಾತೆ ಮೇಲೆ, ಅಂದರೆ ಅಪ್ಪ ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಖಾತೆ ಬದಲಾಗಿ, ಮೂವರ ಹೆಸರೂ ಇತ್ತು. ನಡುವೆ ಏನಾಯಿತು ಅಂತ ನೋಡಲು, ಜಮೀನಿನ ಮೇಲೆ ನೋಂದಣಿಯಾದ ಪತ್ರಗಳನ್ನು ತೋರಿಸುವ ಋಣಭಾರ ಪತ್ರ ಹಾಕಿಸಿ, ಅಲ್ಲಿ ಸಿಕ್ಕ ಪತ್ರದ ದೃಢೀಕೃತ ನಕಲು ತೆಗೆಸಿದೆವು. ಹಕ್ಕು ಬಿಡುಗಡೆ ಪತ್ರ. ಅಕ್ಕನೂ ಚಿಕ್ಕಣ್ಣನೂ ತಮ್ಮ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟಿದ್ದಾರೆ, "ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ." ಅಕ್ಕನಿಗೆ ತಾನು ಸಹಿ ಹಾಕಿದ್ದು ಏನು ಅಂತ ಗೊತ್ತಿತ್ತು. ತವರಿನ ಬಾಗಿಲು ಮುಚ್ಚಬಾರದು, ವರ್ಷಕ್ಕೊಂದು ಸಲ ಅರಿಶಿನ ಕುಂಕುಮಕ್ಕೆ ಕರೆದರೆ ಸಾಕು ಅಂತ ಬಿಟ್ಟುಕೊಟ್ಟಿದ್ದರು. ಅದು ಅವರ ತೀರ್ಮಾನ. ಚಿಕ್ಕಣ್ಣನನ್ನು ಕೇಳಿದರೆ ಉತ್ತರ ಬೇರೆ ಇತ್ತು: "ಪಿಂಚಣಿ ಮತ್ತೆ ಬರಕ್ಕೆ ಹೆಬ್ಬೆಟ್ಟು ಒತ್ತು ಅಂದ್ರು. ಒತ್ತಿದೆ."

ಪತ್ರದಲ್ಲಿ ಎರಡು ವಿಷಯ ಕಣ್ಣಿಗೆ ಹೊಡೆಯುತ್ತಿದ್ದವು. ಚಿಕ್ಕಣ್ಣ 50,000 ರೂಪಾಯಿ ನಗದು ಪಡೆದಿದ್ದಾರೆ ಅಂತ ಬರೆದಿತ್ತು. ಆ ದುಡ್ಡನ್ನು ಕಂಡವರು ಯಾರೂ ಇಲ್ಲ. ಎರಡನೆಯದು, ಅವರನ್ನು "ಓದು ಬರಹ ಬಾರದವರು" ಅಂತ ಬರೆದು ಎಡಗೈ ಹೆಬ್ಬೆಟ್ಟು ಹಾಕಿಸಿದ್ದರು. ಹಳೆಯ ಪಿಂಚಣಿ ಅರ್ಜಿಯಲ್ಲಿ, ಬ್ಯಾಂಕಿನ ಸಹಿ ಕಾರ್ಡಿನಲ್ಲಿ, ಪಂಚಾಯಿತಿಯ ಫಲಾನುಭವಿ ರಿಜಿಸ್ಟರಿನಲ್ಲಿ ಎಲ್ಲ ಕಡೆ ಆ ದಪ್ಪಕ್ಷರದ ಸಹಿ ಇದೆ. ಇಲ್ಲಿ ಮಾತ್ರ ಹೆಬ್ಬೆಟ್ಟು. ಸಹಿ ಹಾಕಲು ಕೂರಿಸಿದ್ದರೆ ಅವರು ನಿಧಾನವಾಗಿ ಬರೆಯುತ್ತಾ, ಇದು ಏನು, ಯಾವುದಕ್ಕೆ ಅಂತ ಪಕ್ಕದವರನ್ನೆಲ್ಲ ಕೇಳುತ್ತಿದ್ದರು. ಅವರ ಸ್ವಭಾವವೇ ಅದು. ಹೆಬ್ಬೆಟ್ಟಾದರೆ ಒಂದು ಕ್ಷಣದ ಕೆಲಸ, ಅಲ್ವಾ?

ಜಮೀನಿನ ವಿಷಯ ಹೀಗೆ ದೊಡ್ಡದಾಗಿ ನಿಂತಿದ್ದರೂ ನಾವು ಮೊದಲು ಕೈ ಹಾಕಿದ್ದು ದುಡ್ಡಿಗೆ. ಕಾರಣ ಇಷ್ಟೇ: ಕೇಸು ಅಂದರೆ ತಿಂಗಳುಗಟ್ಟಲೆ, ವರ್ಷಗಟ್ಟಲೆ. ಅಲ್ಲಿಯವರೆಗೆ ಆ ಮನುಷ್ಯ ಅದೇ ಮನೆಯಲ್ಲಿ ಅದೇ ಅತ್ತಿಗೆ ಕೈಯ ಊಟ ಉಣ್ಣಬೇಕು. ಒಂದು ಬೀಡಿ ಕಟ್ಟಿಗೂ ಕೈ ಚಾಚುವ ಸ್ಥಿತಿಯಲ್ಲಿದ್ದವರು ಅಣ್ಣನ ಎದುರು ಕೋರ್ಟಿನಲ್ಲಿ ನಿಲ್ಲುತ್ತಾರೆಯೇ?

ಪಿಂಚಣಿ ನಿಂತಿದ್ದು ಯಾರ ಪಿತೂರಿಯಿಂದಲೂ ಅಲ್ಲ. ಹಳೆಯ ಅಂಗವಿಕಲ ಪ್ರಮಾಣಪತ್ರ ತಾತ್ಕಾಲಿಕದ್ದು, ಅವಧಿ ಮುಗಿದಿತ್ತು. ಹೊಸದಾಗಿ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಜಿಲ್ಲಾಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ ಕರೆದುಕೊಂಡು ಹೋದೆವು. ಈ ಪರ್ಸೆಂಟಿನ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ಬೌದ್ಧಿಕ ವೈಕಲ್ಯದಲ್ಲಿ ಐಕ್ಯೂ ಒಂದೇ ಸಾಲದು, ದಿನನಿತ್ಯದ ಬದುಕನ್ನು ಎಷ್ಟು ನಿಭಾಯಿಸುತ್ತಾರೆ ಅಂತ ವೈನ್‌ಲ್ಯಾಂಡ್ ಮಾಪನದಲ್ಲಿ ಅಂಕ ಹಾಕುತ್ತಾರೆ. ಅಂಕ 55ರಿಂದ 69 ಬಂದರೆ ಸೌಮ್ಯ, ಶೇ 50. 36ರಿಂದ 54 ಆದರೆ ಮಧ್ಯಮ, ಶೇ 75. ಅದಕ್ಕಿಂತ ಕೆಳಗಾದರೆ ಶೇ 90, ಶೇ 100. ಪಿಂಚಣಿ ಈ ಪರ್ಸೆಂಟಿನ ಮೇಲೆ ನಿಂತಿದೆ. ಶೇ 40ಕ್ಕೆ ಮೇಲೆ, 75ಕ್ಕೆ ಒಳಗೆ ಇದ್ದರೆ ನಮ್ಮ ರಾಜ್ಯದಲ್ಲಿ ತಿಂಗಳಿಗೆ 800 ರೂಪಾಯಿ. 75 ದಾಟಿದರೆ ಜಾಸ್ತಿ.

ಆಸ್ಪತ್ರೆಗೆ ಅಣ್ಣನೂ ಬಂದಿದ್ದರು. "75 ಬರೆಸಿ ಮೇಡಂನೋರೆ, ಪಾಪ ಅವನಿಗೆ ನಾಲ್ಕು ಕಾಸು ಜಾಸ್ತಿ ಬರ್ಲಿ" ಅಂದರು. ಕೇಳಲು ಪ್ರೀತಿಯ ಮಾತೇ. ಅದರಲ್ಲಿ ಪ್ರೀತಿ ಇರಲೇ ಇಲ್ಲ ಅಂತಲೂ ನಾನು ಹೇಳುವುದಿಲ್ಲ. ಆದರೆ ಪರ್ಸೆಂಟ್ ಮೇಲೆ ಹೋದಷ್ಟೂ "ಇವನಿಗೆ ಏನೂ ತಿಳಿಯಲ್ಲ" ಅನ್ನುವ ವಾದ ಗಟ್ಟಿಯಾಗುತ್ತದೆ, ಗಾರ್ಡಿಯನ್ ಆಗುವ ದಾರಿ ಸಲೀಸಾಗುತ್ತದೆ. ಒಂದೇ ಕಾಗದ, ಪಿಂಚಣಿ ಕಡೆಯಿಂದ ನೋಡಿದರೆ ದೊಡ್ಡ ಅಂಕಿ ಬೇಕು, ಆಸ್ತಿ ಕಡೆಯಿಂದ ನೋಡಿದರೆ ಇದ್ದ ಅಂಕಿಯೇ ಬೇಕು. ಮನೆಯವರು ಕೇಳಿದರು ಅಂತ ಪರ್ಸೆಂಟ್ ಏರಿಸಲು ಓಡಾಡುವ ಕಾರ್ಯಕರ್ತರು ಇದನ್ನು ಒಂದು ಸಲ ಯೋಚಿಸಬೇಕು.

ಮನಶ್ಶಾಸ್ತ್ರಜ್ಞರು ಬೇರೆ ಪ್ರಶ್ನೆಗಳ ಜೊತೆ ಮೇಜಿನ ಮೇಲೆ ನೋಟು ಹರಡಿ ಕೇಳಿದರು. ಚಿಕ್ಕಣ್ಣ ಅಂಕಿ ನೋಡಲಿಲ್ಲ. ನೋಟು ತಿರುಗಿಸಿ ಹಿಂದುಗಡೆ ನೋಡಿದರು. ಕೋಟೆ ಇರುವುದು 500. ಕಲ್ಲಿನ ತೇರು ಇರುವುದು, ಅಂದರೆ ಹಂಪಿ ರಥದ ಚಿತ್ರದ ನೀಲಿ ನೋಟು, 50. "ತೇರು ಎರಡು ಕೊಟ್ರೆ ನೂರು" ಅಂದರು. 500 ಕೊಟ್ಟು 120ರ ಸಾಮಾನು ತಂದರೆ ಚಿಲ್ಲರೆ ಎಷ್ಟು ಅಂದಾಗ ಮಾತ್ರ ತೊಡರಿದರು. ಸ್ವಲ್ಪ ಹೊತ್ತು ಬಿಟ್ಟು, "ಅಂಗಡಿಯೋರು ಸರಿಯಾಗೇ ಕೊಡ್ತಾರೆ" ಅಂದರು. ಅಂಕ 50ರ ಪರ್ಸೆಂಟಿಗೇ ಬಂತು. ಹಳದಿ ಪಟ್ಟಿಯ ಕಾರ್ಡು, ಈ ಸಲ ಶಾಶ್ವತ.

ಪಾಸ್‌ಬುಕ್ ವಿಷಯ. ಅತ್ತಿಗೆ ಹತ್ತಿರ ಜಗಳ ಮಾಡಿ ಕಿತ್ತುಕೊಳ್ಳಬೇಕು ಅಂತ ಅಕ್ಕ ಹಟ ಹಿಡಿದಿದ್ದರು. ಬೇಕಾಗಲಿಲ್ಲ. ಈಗ ಪಿಂಚಣಿ ಆಧಾರ್ ಮೂಲಕ ಹೋಗುತ್ತದೆ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ದಾಖಲೆಯಲ್ಲಿ ಕೊನೆಗೆ ಯಾವ ಖಾತೆ ಜೋಡಣೆಯಾಗಿದೆಯೋ ಹಣ ಅದಕ್ಕೆ ಬೀಳುತ್ತದೆ. ಚಿಕ್ಕಣ್ಣನ ಹೆಸರಲ್ಲಿ ಅಂಚೆ ಕಚೇರಿಯಲ್ಲಿ ಹೊಸ ಖಾತೆ ತೆರೆದು, ಆಧಾರ್ ಜೋಡಣೆಯನ್ನು ಅಲ್ಲಿಗೆ ಬದಲಿಸಿದೆವು. ಹಳೆಯ ಪಾಸ್‌ಬುಕ್ಕೂ ಎಟಿಎಂ ಕಾರ್ಡೂ ಅತ್ತಿಗೆಯ ಟ್ರಂಕಿನಲ್ಲೇ ಉಳಿದವು, ದುಡ್ಡು ಮಾತ್ರ ದಾರಿ ಬದಲಿಸಿತು. ಹೊಸ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಇಟ್ಟು ನಾಡಕಚೇರಿಯಲ್ಲಿ ಪಿಂಚಣಿಗೆ ಮತ್ತೆ ಅರ್ಜಿ ಕೊಟ್ಟೆವು. ಜೊತೆಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡಿಸಿದೆವು. ವರ್ಷಕ್ಕೆ 1 ಲಕ್ಷದವರೆಗೆ ಆಸ್ಪತ್ರೆ ಖರ್ಚು ಸಿಗುತ್ತದೆ, ಹೊರರೋಗಿ ಚಿಕಿತ್ಸೆಗೂ ಒಂದು ಭಾಗ ಇದೆ. ಎಷ್ಟೋ ಮನೆಗಳಿಗೆ ಇದರ ಹೆಸರೇ ಗೊತ್ತಿಲ್ಲ.

ಈ ನಡುವೆ ಅಣ್ಣ ಒಂದು ಹೆದರಿಕೆ ಬಿಟ್ಟಿದ್ದರು: ಜಮೀನು ಹೆಸರಿಗೆ ಬಂದರೆ ಪಿಂಚಣಿ ಕಟ್ ಆಗುತ್ತದೆ ಅಂತ. ಚಿಕ್ಕಣ್ಣ ನಿಜವಾಗಿಯೂ ಹೆದರಿದ್ದರು. ಪಿಂಚಣಿಗೆ ಮಿತಿ ಇರುವುದು ವರ್ಷದ ಆದಾಯಕ್ಕೆ, 32,000 ರೂಪಾಯಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರೂ ನಿಲ್ಲಿಸುವುದಿಲ್ಲ. ಒಂದು ವೇಳೆ ನಿಂತರೂ ಹೋಗುವುದು ವರ್ಷಕ್ಕೆ 9,600. ಅಷ್ಟಕ್ಕೆ 42 ಗುಂಟೆ ತೋಟ ಬಿಡುವವರು ಯಾರಿದ್ದಾರೆ? ಇದನ್ನು ಅವರಿಗೆ ಕಾಯಿ ಲೆಕ್ಕದಲ್ಲಿ ಹೇಳಿದಾಗ ತಟ್ಟನೆ ಅರ್ಥವಾಯಿತು.

ಈಗ ಗಾರ್ಡಿಯನ್ ವಿಷಯಕ್ಕೆ ಬರುತ್ತೇನೆ. ದುಡ್ಡು ದಾರಿ ಬದಲಿಸಿದ್ದು ಗೊತ್ತಾದ ಕೂಡಲೇ ಅಣ್ಣ, ಯಾರೋ ಹೇಳಿಕೊಟ್ಟರು ಅಂತ ಕಾಣುತ್ತದೆ, ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ತಮ್ಮನಿಗೆ ತಾವೇ ಪಾಲಕರಾಗಬೇಕು ಅಂತ ಅರ್ಜಿ ಹಾಕಿದರು. 1999ರ ಕಾಯ್ದೆ ಇದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಇರುವ ವಯಸ್ಕರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸಬಹುದು. ಬಹಳ ಜನ ಇದನ್ನು ಜಾತಿ ಪ್ರಮಾಣಪತ್ರದ ಹಾಗೆ ಭಾವಿಸಿದ್ದಾರೆ, ಅರ್ಜಿ ಹಾಕಿದರೆ ಬರುತ್ತೆ ಅಂತ. ಕಾಯ್ದೆ ಹಾಗೆ ಹೇಳುವುದಿಲ್ಲ. ಈ ವ್ಯಕ್ತಿಗೆ ಪಾಲಕರ ಅಗತ್ಯ ಇದೆಯೇ, ಇದ್ದರೆ ಯಾವ ಉದ್ದೇಶಕ್ಕೆ, ಈ ಎರಡನ್ನೂ ಸಮಿತಿ ಮೊದಲು ನೋಡಬೇಕು ಅಂತ 14ನೇ ಸೆಕ್ಷನ್‌ನಲ್ಲೇ ಇದೆ. ನೇಮಕವಾದ ಪಾಲಕ 6 ತಿಂಗಳೊಳಗೆ ಆಸ್ತಿಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು.

ಅದರ ಮೇಲೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ. ಅದರ 13ನೇ ಸೆಕ್ಷನ್ ಪ್ರಕಾರ ಅಂಗವೈಕಲ್ಯ ಇರುವವರಿಗೂ ಆಸ್ತಿ ಹೊಂದುವ, ವಾರಸಾಗಿ ಪಡೆಯುವ, ತಮ್ಮ ಹಣಕಾಸು ನೋಡಿಕೊಳ್ಳುವ ಹಕ್ಕು ಎಲ್ಲರಷ್ಟೇ ಇದೆ. ನೆರವು ಕೊಡುವವರಿಗೂ ಅವರಿಗೂ ಒಂದು ವ್ಯವಹಾರದಲ್ಲಿ ಹಿತಾಸಕ್ತಿ ತಿಕ್ಕಾಟ ಬಂದರೆ, ಆ ವ್ಯವಹಾರದಿಂದ ನೆರವು ಕೊಡುವವರು ಹಿಂದೆ ಸರಿಯಬೇಕು. ನಮ್ಮ ತಕರಾರು ಅರ್ಜಿಯಲ್ಲಿ ಒತ್ತಿ ಬರೆದದ್ದು ಇದನ್ನೇ. ತಮ್ಮನ ಪಾಲನ್ನು ತನ್ನ ಹೆಸರಿಗೆ ಬರೆಸಿಕೊಂಡವರೇ ಈಗ ತಮ್ಮನ ಆಸ್ತಿಗೆ ಪಾಲಕರಾಗಲು ಕೇಳುತ್ತಿದ್ದಾರೆ, ಹಕ್ಕು ಬಿಡುಗಡೆ ಪತ್ರದ ನಕಲು ಲಗತ್ತಿಸಿದೆ, ದಯವಿಟ್ಟು ನೋಡಿ ಅಂತ.

ಸಮಿತಿಯಲ್ಲಿ ಒಬ್ಬ ಸದಸ್ಯರು ಸ್ವತಃ ಅಂಗವೈಕಲ್ಯ ಇರುವವರಾಗಿರಬೇಕು ಅನ್ನುವ ನಿಯಮ ಎಷ್ಟು ಮುಖ್ಯ ಅಂತ ಆವತ್ತು ಗೊತ್ತಾಯಿತು. ಉಳಿದವರು "ನಿನಗೆ ಪಾಲಕರು ಬೇಕಾ?" ಅಂತ ಕೇಳಿ, ಚಿಕ್ಕಣ್ಣ ಪಿಳಿಪಿಳಿ ನೋಡಿ, ಮಾತು ಅಲ್ಲಿಗೇ ನಿಂತಿತ್ತು. ಈ ಸದಸ್ಯರು ಕುರ್ಚಿ ಹತ್ತಿರ ಎಳೆದುಕೊಂಡು, "ನಿಮ್ಮ ದುಡ್ಡು ಯಾರ ಹತ್ರ ಇರ್ಬೇಕು?" ಅಂದರು.

"ನನ್ ಜೇಬಲ್ಲಿ."

"ಜಾಸ್ತಿ ದುಡ್ಡು ಬಂದ್ರೆ?"

"ಅಕ್ಕನ್ ಕೇಳ್ತೀನಿ. ಅಣ್ಣ ಬೈತಾನೆ."

ಅರ್ಜಿ ವಜಾ ಆಗಲಿಲ್ಲ. ಆಸ್ತಿ ವಿವಾದ ಇತ್ಯರ್ಥವಾಗುವವರೆಗೆ ಬಾಕಿ ಇಡಲಾಯಿತು. ನಮಗೆ ಅಷ್ಟು ಸಾಕಿತ್ತು.

ಮನೆಯಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದ ರೀತಿ ಒಳ್ಳೆಯದಿರಲಿಲ್ಲ. ಮಲಗುವುದು ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ, ಜಗಳವಾದ ದಿನ ಊಟ ಇಲ್ಲ. ವಿಕಲಚೇತನರಿಗೆ ಬೇಕೆಂದೇ ಊಟ ನೀರು ಕೊಡದಿರುವುದು 2016ರ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 5 ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ. ಅದೇ ಕಾಯ್ದೆಯ 7ನೇ ಸೆಕ್ಷನ್‌ನಲ್ಲಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್‌ಗೂ ದೂರು ಕೊಡಬಹುದು. ದೂರು ಬರೆದು ಇಟ್ಟುಕೊಂಡೆವು, ಕೊಡಲಿಲ್ಲ. ಚಿಕ್ಕಣ್ಣ ಒಂದೇ ಹಿಡಿತ: "ಅಣ್ಣನ್ ಜೈಲಿಗೆ ಹಾಕ್ಬೇಡಿ, ನಾನು ಅಲ್ಲೇ ಇರ್ಬೇಕು, ದನ ಅವೆ." ನಮ್ಮ ಕಚೇರಿಯಲ್ಲಿ ಇದರ ಬಗ್ಗೆ ಭಿನ್ನಾಭಿಪ್ರಾಯ ಇತ್ತು, ಈಗಲೂ ಇದೆ. ನನ್ನ ಪ್ರಕಾರ ಅವರ ಮಾತು ಕೇಳದೆ ಪೊಲೀಸರ ಹತ್ತಿರ ಹೋಗಿದ್ದರೆ ನಾವೂ ಅಣ್ಣನ ಕೆಲಸವನ್ನೇ ಮಾಡಿದ ಹಾಗಾಗುತ್ತಿತ್ತು. ಆದರೆ ಅಂಥ ಒಂದು ದೂರು ಸಿದ್ಧವಾಗಿದೆ ಅಂತ ಅಣ್ಣನಿಗೆ ತಿಳಿಸಿದೆವು. ಊಟ ತಪ್ಪುವುದು ನಿಂತಿತು.

ಇನ್ನು ಕೋರ್ಟು. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತವಾಗಿ ವಕೀಲರು ಸಿಕ್ಕರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಅಂಗವೈಕಲ್ಯ ಇರುವವರಿಗೆ ಆದಾಯ ಎಷ್ಟೇ ಇದ್ದರೂ ಈ ಸೌಲಭ್ಯ ಇದೆ, 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ವಕೀಲರು ತುಸು ಸಿಡುಕಿನವರು, ಕೆಲಸದಲ್ಲಿ ಪಕ್ಕಾ. ಮ್ಯುಟೇಷನ್, ಅಂದರೆ ಪಹಣಿಯಲ್ಲಿ ಹೆಸರು ಬದಲಿಸಿದ್ದರ ವಿರುದ್ಧ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕೋಣ ಅಂತ ನಾವು ಹೇಳಿದಾಗ, "ನೋಂದಣಿಯಾದ ಪತ್ರ ಬದುಕಿರೋ ತನಕ ರೆವಿನ್ಯೂ ಕೋರ್ಟು ಏನೂ ಮಾಡಲ್ಲ, ಸಿವಿಲ್ ಕೋರ್ಟಿಗೆ ಹೋಗಿ ಅಂತಾರೆ. ನೆಟ್ಟಗೆ ಅಲ್ಲಿಗೇ ಹೋಗೋಣ" ಅಂದರು.

ಇಲ್ಲೇ ಈ ಪ್ರಕರಣದ ಗಂಟು ಇದ್ದದ್ದು. ಪತ್ರ ಬಿದ್ದುಹೋಗಬೇಕಾದರೆ ಸುಲಭದ ವಾದ ಯಾವುದು? "ಇವರಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ, ಕರಾರು ಕಾಯ್ದೆಯ 11, 12ನೇ ಸೆಕ್ಷನ್ ಪ್ರಕಾರ ಇವರು ಮಾಡಿದ ಕರಾರು ಶೂನ್ಯ" ಅನ್ನುವುದು. ಆ ವಾದ ಗೆದ್ದರೆ ಜಮೀನು ವಾಪಸ್ ಬರುತ್ತದೆ, ಆದರೆ ಮರುದಿನವೇ ಅಣ್ಣ ಸಮಿತಿಯ ಮುಂದೆ ಹೋಗಿ "ಅವರ ವಕೀಲರೇ ಹೇಳಿದ್ದಾರಲ್ಲ, ಇವನಿಗೆ ಏನೂ ತಿಳಿಯಲ್ಲ ಅಂತ" ಅನ್ನುತ್ತಾರೆ. ತಿರುಗಿಸಿ "ಇವರಿಗೆ ಎಲ್ಲ ತಿಳಿಯುತ್ತದೆ" ಅಂತ ವಾದಿಸಿದರೆ, "ತಿಳಿದೇ ಹೆಬ್ಬೆಟ್ಟು ಹಾಕಿದ್ದಾನೆ, ಮುಗೀತು" ಅನ್ನುತ್ತಾರೆ. ಎರಡು ಕಡೆಯೂ ಗೋಡೆ.

ವಕೀಲರು ಹಿಡಿದ ದಾರಿ ಮೂರನೆಯದು. ಬುದ್ಧಿಯ ಅಳತೆಗೆ ಹೋಗಲೇ ಇಲ್ಲ, ಮೋಸದ ಮೇಲೆ ನಿಂತರು. ಪಿಂಚಣಿ ಕಾಗದ ಅಂತ ಹೇಳಿ ಹಕ್ಕು ಬಿಡುಗಡೆಗೆ ಹೆಬ್ಬೆಟ್ಟು ಹಾಕಿಸಿದ್ದಾರೆ. ಪತ್ರದಲ್ಲಿ ಏನಿದೆ ಅಂತ ಸುಳ್ಳು ಹೇಳುವುದು ಬೇರೆ, ಅದು ಯಾವ ಪತ್ರ ಅಂತಲೇ ಸುಳ್ಳು ಹೇಳುವುದು ಬೇರೆ. ಎರಡನೆಯದರಲ್ಲಿ ಪತ್ರವೇ ಶೂನ್ಯ ಅಂತ ಸುಪ್ರೀಂ ಕೋರ್ಟು 1968ರಲ್ಲಿ ನಿಂಗವ್ವ ವಿರುದ್ಧ ಬೈರಪ್ಪ ಪ್ರಕರಣದಲ್ಲಿ ಹೇಳಿದೆ. ಅದರ ಜೊತೆಗೆ ಕರಾರು ಕಾಯ್ದೆಯ 16ನೇ ಸೆಕ್ಷನ್‌ನ ಅನುಚಿತ ಪ್ರಭಾವ: ಊಟ, ವಸತಿ, ದುಡ್ಡು ಎಲ್ಲಕ್ಕೂ ಅಣ್ಣನನ್ನು ನೆಚ್ಚಿದವರಿಂದ ಅಣ್ಣ ಇಂಥ ಪತ್ರ ಬರೆಸಿಕೊಂಡರೆ, ಒತ್ತಡ ಇರಲಿಲ್ಲ ಅಂತ ತೋರಿಸುವ ಹೊಣೆ ಅಣ್ಣನ ಮೇಲೇ ಬರುತ್ತದೆ. ಹೆಬ್ಬೆಟ್ಟಿಗೂ ಸಹಿಗೂ ಇರುವ ವ್ಯತ್ಯಾಸ, ಕಾಣದ 50,000, ಎರಡೂ ಇಲ್ಲಿ ಕೆಲಸಕ್ಕೆ ಬಂದವು. ದಾವೆಯನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದಂತೆ ಬೇರೊಬ್ಬರ ಮೂಲಕ ಹಾಕಲಿಲ್ಲ, ಚಿಕ್ಕಣ್ಣನೇ ವಾದಿ. ವಾದಪತ್ರದ ಪ್ರತಿ ಹಾಳೆಗೂ ಅವರ ದಪ್ಪಕ್ಷರದ ಸಹಿ. ಗುಮಾಸ್ತರು ಗಡಿಯಾರ ನೋಡುತ್ತಾ ಕೂತಿದ್ದರು. ಪತ್ರ ರದ್ದತಿ ಕೇಳಲು ವಿಷಯ ತಿಳಿದ ದಿನದಿಂದ 3 ವರ್ಷ ಕಾಲಮಿತಿ ಇದೆ, ನಾವು ಅದರೊಳಗೇ ಇದ್ದೆವು.

ಜಮೀನನ್ನು ಪರಭಾರೆ, ಅಂದರೆ ಬೇರೆಯವರಿಗೆ ವರ್ಗಾವಣೆ ಮಾಡಬಾರದು ಅಂತ ಮಧ್ಯಂತರ ತಡೆಯಾಜ್ಞೆ ಸಿಕ್ಕಿತು. ತಡೆಯಾಜ್ಞೆ ಸಿಕ್ಕರೆ ಸಾಲದು, ಅದನ್ನು ಪಹಣಿಯಲ್ಲಿ ಹಕ್ಕು, ಋಣ ಬರೆಯುವ 11ನೇ ಕಾಲಂಗೆ ಹತ್ತಿಸಬೇಕು. ಕೊಳ್ಳಲು ಬರುವವರು ನೋಡುವುದು ಪಹಣಿಯನ್ನು, ಕೋರ್ಟಿನ ಕಡತವನ್ನಲ್ಲ. ಅದು ಹತ್ತಿದ ಮೇಲೆ ಅಣ್ಣ ಮಾತಿಗೆ ಬಂದರು.

ಅಣ್ಣನ ಕಡೆಯ ಮಾತೂ ಹೇಳಬೇಕು. ಅಪ್ಪನ ಆಸ್ಪತ್ರೆ ಖರ್ಚು, ಸೊಸೈಟಿ ಸಾಲ ಎಲ್ಲ ಅವರೊಬ್ಬರ ತಲೆ ಮೇಲೆ ಬಿದ್ದಿತ್ತು. ಅಕ್ಕ ದೂರದಲ್ಲಿ ನಿಂತು ನ್ಯಾಯ ಹೇಳುತ್ತಾರೆ, ತಮ್ಮನಿಗೆ ಜ್ವರ ಬಂದಾಗ ಎದ್ದು ಕೂರುವವಳು ನನ್ನ ಹೆಂಡತಿ ಅನ್ನುವ ಸಿಟ್ಟು ಸುಳ್ಳಲ್ಲ. ಆದರೆ ಸಾಲ ಇತ್ತು ಅಂದರೆ ಸಾಲಕ್ಕೆ ಲೆಕ್ಕ ಹಾಕಬೇಕು. ಪಾಲು ನುಂಗುವುದು ಲೆಕ್ಕವಲ್ಲ.

ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಚಿಕ್ಕಣ್ಣನಿಗೆ ಬಾವಿ ಕಡೆಯ 42 ಗುಂಟೆ. ಸೊಸೈಟಿ ಸಾಲದಲ್ಲಿ ಅವರ ಪಾಲನ್ನು ಅವರ ಮರಗಳ ಮುಂದಿನ ಫಸಲಿನಿಂದ ಮುರಿದುಕೊಳ್ಳುವುದು. ಕೋಣೆ ಮನೆಯೊಳಗೆ. ಪಾಲಕತ್ವದ ಅರ್ಜಿ ಅಣ್ಣ ವಾಪಸ್ ಪಡೆಯುವುದು. ಅಕ್ಕ ತಮ್ಮ ಪಾಲು ಕೇಳಲಿಲ್ಲ. ಕೇಳಬಹುದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ರಾಜಿಯಲ್ಲಿ ಎರಡು ವಿಷಯಕ್ಕೆ ಎಳೆದಾಟ ಆಯಿತು. ಜಮೀನನ್ನು ಅಣ್ಣನೇ ಗೇಣಿಗೆ ಮಾಡಲಿ ಅಂತ ಎಲ್ಲರೂ ಒಪ್ಪಿದ್ದರು, ಆದರೆ ಕರ್ನಾಟಕ ಭೂಸುಧಾರಣೆ ಕಾಯ್ದೆ ಕೃಷಿ ಜಮೀನನ್ನು ಗೇಣಿಗೆ ಕೊಡಲು ಬಿಡುವುದಿಲ್ಲ. ಹಾಗಾಗಿ ಉಳುಮೆಯ ಮಾತು ಕಾಗದದಲ್ಲಿ ಬರಲೇ ಇಲ್ಲ. ಕಾಯಿ ಕೊಳ್ಳುವ ವ್ಯಾಪಾರಿ ಚಿಕ್ಕಣ್ಣನ ಮರಗಳ ದುಡ್ಡನ್ನು ಅಂಚೆ ಖಾತೆಗೆ ಹಾಕಬೇಕು ಅಂತ ಬಾಯಿಮಾತಿನ ಏರ್ಪಾಡು. ಎರಡನೆಯದು, "ಅವನು ಎಂದೂ ಮಾರಬಾರದು ಅಂತ ಬರೆಸಿ" ಅಂತ ಅಕ್ಕ ಅತ್ತರು. ಬರೆಸಲಿಲ್ಲ. ಅಂಥ ಷರತ್ತು ಕೋರ್ಟಿನಲ್ಲಿ ನಿಲ್ಲುವುದೂ ಅನುಮಾನ, ಅದಕ್ಕಿಂತ ಹೆಚ್ಚಾಗಿ, ಮಾರುವ ಹಕ್ಕಿಲ್ಲದ ಮಾಲೀಕ ಎಂಥ ಮಾಲೀಕ? ಮಾರುವುದಾದರೆ ಮೊದಲು ಅಣ್ಣನನ್ನೂ ಅಕ್ಕನನ್ನೂ ಕೇಳಬೇಕು ಅಂತಷ್ಟೇ ಸೇರಿಸಿದೆವು. ನ್ಯಾಯಾಧೀಶರು ಒಂದೊಂದೇ ಷರತ್ತನ್ನು ಓದಿ, ಚಿಕ್ಕಣ್ಣನ ಬಾಯಲ್ಲಿ ಅದನ್ನು ಮತ್ತೆ ಹೇಳಿಸಿ, ಆಮೇಲೆ ಸಹಿ ಹಾಕಿಸಿದರು. ಅಷ್ಟು ಹೊತ್ತನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಯಾರಾದರೂ ಕೊಟ್ಟಿದ್ದರೆ ಈ ಕೇಸೇ ಇರುತ್ತಿರಲಿಲ್ಲ.

ಡಿಕ್ರಿ ನೋಂದಣಿ ಆಗಿದೆ, ಪಹಣಿಯಲ್ಲಿ ಇಬ್ಬರ ಹೆಸರೂ ಬಂದಿದೆ. ಇಬ್ಬರ ಪಾಲನ್ನು ಅಳೆದು ಬೇರೆ ಮಾಡುವ ಪೋಡಿ ಅರ್ಜಿ ಸರ್ವೆಯವರ ಹತ್ತಿರ ಬಾಕಿ ಇದೆ, ಅದು ಆಗುವವರೆಗೆ ಬೇಲಿ ಎಲ್ಲಿ ಬರಬೇಕು ಅನ್ನುವ ಸಣ್ಣ ಜಗಳ ನಡೆಯುತ್ತಲೇ ಇರುತ್ತದೆ. ಪಿಂಚಣಿ ಬರುತ್ತಿದೆ. ಸಾಲ ಮುರಿದ ಮೇಲೆ ಕೈಗೆ ಬಂದ ಮೊದಲ ಕಾಯಿ ದುಡ್ಡಿನಲ್ಲಿ ಚಿಕ್ಕಣ್ಣ ಒಂದು ದೊಡ್ಡ ಸ್ಪೀಕರ್ ತಂದಿದ್ದಾರೆ. ದನದ ಕೊಟ್ಟಿಗೆಯಲ್ಲಿ ಬೆಳಗಿನಿಂದಲೇ ಹಾಡು. ಅತ್ತಿಗೆ ನನಗೆ ಫೋನ್ ಮಾಡಿ, "ನೋಡಿ ಮೇಡಂ, ದುಡ್ಡು ಹೆಂಗ್ ಹಾಳ್ ಮಾಡ್ತಾನೆ, ನೀವಾದ್ರೂ ಹೇಳಿ" ಅಂದರು. ಅದು ಅವರ ದುಡ್ಡಮ್ಮ, ಸೌಂಡು ಜಾಸ್ತಿ ಆದರೆ ಕಡಿಮೆ ಮಾಡು ಅಂತ ನೀವೇ ಅವರಿಗೆ ಹೇಳಿ ಅಂದೆ.